ಬಂದ ಸದ್ದು

"ಎಳೀಬೇಡಿ ಅತ್ತಿಗೆ, ತಿರುಚಿ. ಹಲ್ಲು ಕೀಳೋ ಹಾಗೆ ಎಳೆದ್ರೆ ಕ್ಯಾಪು ಮಾತ್ರ ಕೈಗೆ ಬರುತ್ತೆ."

ಸೊಸೆ ತಿರುಚಿದಳು. ಬೈಕಿನ ಎಡಗಡೆಯ ಪ್ಲಗ್ಗನ್ನು ಕಚ್ಚಿಕೊಂಡಿದ್ದ ಕರಿಯ ಕ್ಯಾಪು ಸ್ವಲ್ಪ ಹಟ ಮಾಡಿ, ಆಮೇಲೆ ಬಾಟಲಿಯ ಬಿರಡೆ ಬಿಟ್ಟಂತೆ ಸದ್ದು ಮಾಡಿ ಕೈಗೆ ಬಂತು. ಅದರ ಹಿಂದಿನ ವೈರು ಒಣಗಿದ ಬಳ್ಳಿಯ ಹಾಗೆ ಸೆಟೆದುಕೊಂಡಿತ್ತು. ಬೆರಳಲ್ಲಿ ಬಗ್ಗಿಸಿ ನೋಡಿದಳು. ಮೈಯೆಲ್ಲ ಬಿರುಕು, ಒಂದೆರಡು ಕಡೆ ಬಿರುಕಿನೊಳಗಿಂದ ತಾಮ್ರದ ಎಳೆ ಇಣುಕುತ್ತಿತ್ತು.

"ಇಂಥದ್ದರಲ್ಲಿ ಇಷ್ಟು ವರ್ಷ ಓಡಿಸಿದನಲ್ಲ, ಪುಣ್ಯಾತ್ಮ," ಎಂದ ಫಿಟ್ಟರ್.

ಅವನು ಅವಳ ಗಂಡನ ಜೊತೆ ಒಂದೇ ಕಾರ್ಖಾನೆಯಲ್ಲಿ, ಒಂದೇ ಪಾಳಿಯಲ್ಲಿ ದುಡಿದವನು. ಆಳು ಬಹಳ ಎತ್ತರ. ಈ ಮನೆಗೆ ಎಷ್ಟು ಸಲ ಬಂದಿದ್ದರೂ ಬಾಗಿಲ ಮೇಲಿನ ಪಟ್ಟಿಗೆ ಹಣೆ ಹೊಡೆಸಿಕೊಳ್ಳದೆ ಒಳಗೆ ಬಂದದ್ದಿಲ್ಲ. ಇವತ್ತೂ ಹೊಡೆಸಿಕೊಂಡಿದ್ದ. ಒಳಕೋಣೆಯಿಂದ ಅತ್ತೆ, "ಬಂದ್ಯೇನೋ ಉದ್ದಪ್ಪಾ? ತಲೆ ಇದೆ ತಾನೆ ಇನ್ನೂ?" ಎಂದು ಕೇಳಿದ್ದರು. ಕಣ್ಣು ಎಂದೋ ಆರಿಹೋಗಿದ್ದ ಅತ್ತೆಗೆ ಅವನ ಗುರುತು ಆ ಸದ್ದೇ. ಹಾಲಿನವನ ಕ್ಯಾನು, ಎದುರುಮನೆಯ ಹುಡುಗಿಯ ಕುಂಟು ಚಪ್ಪಲಿ, ಸೊಸೆಯ ಹೊಲಿಗೆ ಮೆಷೀನು, ಎಲ್ಲಕ್ಕೂ ಅವರ ಕಿವಿಯಲ್ಲಿ ಒಂದೊಂದು ಜಾಗವಿತ್ತು.

ಫಿಟ್ಟರ್‌ಗೆ ಬೇರೆ ಊರಿನ ಕಾರ್ಖಾನೆಗೆ ವರ್ಗವಾಗಿತ್ತು. ಬೈಕನ್ನು ಅವನೇ ಒಯ್ಯಲಿ ಎಂದು ಸೊಸೆ ತೀರ್ಮಾನಿಸಿದ್ದಳು. ಮಾರುವ ಮಾತು ಬಂದಾಗಲೆಲ್ಲ ಅವಳು ಎದ್ದು ಹೋಗುತ್ತಿದ್ದಳು. ಇವನಿಗಾದರೆ ಕೊಡಬಹುದು, ಒರೆಸಿ ಇಟ್ಟುಕೊಳ್ಳುತ್ತಾನೆ. ನಾಲ್ಕಾರು ದಿನದಿಂದ ಪಾಳಿ ಮುಗಿಸಿ ಬಂದು ಟ್ಯಾಂಕು ತೊಳೆದ, ಕಾರ್ಬುರೇಟರ್ ಬಿಚ್ಚಿ ಅಂಟಿಕೊಂಡಿದ್ದ ಜಿಡ್ಡು ತೆಗೆದ, ಹೊಸ ಪೆಟ್ರೋಲು ಹಾಕಿದ. ಇವತ್ತು ವೈರು. ಕತ್ತಲಾಗುವುದರೊಳಗೆ ಒಯ್ಯುವುದು ಎಂದಾಗಿತ್ತು.

ಹೊಸ ವೈರಿಗಾಗಿ ಅಂಗಡಿಗೆ ಹೋಗುವ ಕೆಲಸ ಬೀಳಲಿಲ್ಲ. ಸೀಟಿನ ಕೆಳಗಿನ ಸಾಮಾನಿನ ಡಬ್ಬಿಯಲ್ಲಿ, ಪಾನಾಗಳ ಅಡಿಯಲ್ಲಿ, ಕಾಗದ ಸುತ್ತಿದ ಎರಡು ವೈರು ಸಿಕ್ಕಿದ್ದವು. ಅಳತೆಗೆ ಸರಿಯಾಗಿ ಕತ್ತರಿಸಿ, ತುದಿಗೆ ಕ್ಯಾಪು ಸಿಕ್ಕಿಸಿ, ಸಿದ್ಧ ಮಾಡಿಟ್ಟಿದ್ದವು. ಹಾಕುವುದೊಂದೇ ಬಾಕಿ. ಗಂಡನ ಕೈಯ ಕೆಲಸ ಎಂಬುದು ಕತ್ತರಿಸಿದ ತುದಿ ನೋಡಿದರೇ ತಿಳಿಯುತ್ತಿತ್ತು. ಬಟ್ಟೆ ಕತ್ತರಿಸುವವಳಿಗೆ ಕತ್ತರಿ ಹಿಡಿದ ಕೈ ಯಾರದೆಂದು ಯಾರೂ ಹೇಳಿಕೊಡಬೇಕಿಲ್ಲ. ಅವರು ಅರ್ಧಕ್ಕೆ ಬಿಟ್ಟದ್ದು, ನಾನೇ ಮುಗಿಸುತ್ತೇನೆ ಎಂದು ಮೆಷೀನಿನಿಂದ ಎದ್ದು ಬಂದು ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು.

ಹಳೆಯ ವೈರುಗಳನ್ನು ಮೆಷೀನಿನ ಪಕ್ಕದ ಚೂರುಬಟ್ಟೆಯ ಬುಟ್ಟಿಗೆ ಹಾಕಿದಳು. ಹಾಕುವಾಗ ಒಂದು ಸಂಜೆ ನೆನಪಾಯಿತು. ಕರೆಂಟು ಹೋಗಿತ್ತು. ಹಜಾರದಲ್ಲಿ ಬೈಕು ನಿಲ್ಲಿಸಿ, ಎಂಜಿನ್ ಆರಿಸದೆ, "ಬಾ ಇಲ್ಲಿ, ಬೇಗ" ಎಂದು ಗಂಡ ಕರೆದಿದ್ದ. ಕತ್ತಲಲ್ಲಿ ಎಡಗಡೆಯ ವೈರಿನ ಉದ್ದಕ್ಕೂ ಸಣ್ಣ ಸಣ್ಣ ನೀಲಿ ಕಿಡಿಗಳು ಮಿಂಚುಹುಳದ ಹಾಗೆ ಹೊತ್ತಿ ಆರುತ್ತಿದ್ದವು.

"ಹೀಗೆ ಬಂದರೆ ಕೆಟ್ಟಿದೆ ಅಂತ ತಾನೆ?" ಎಂದು ಅವಳು ಕೇಳಿದ್ದಳು.

"ಕೆಟ್ಟಿದೆ. ಆದರೆ ಹಗಲಲ್ಲಿ ಯಾರಿಗೂ ಕಾಣಲ್ಲ."

"ಹಾಗಾದರೆ ಸರಿ ಮಾಡಿಸಬಾರದಾ?"

"ಮಾಡೋಣ, ಮಾಡೋಣ," ಎಂದು ನಕ್ಕು ಕೈ ತೊಳೆಯಲು ಹೋಗಿದ್ದ.

ಹೊಸ ವೈರಿನ ಒಂದು ತುದಿಯನ್ನು ಟ್ಯಾಂಕಿನ ಕೆಳಗೆ, ಕಿಡಿ ಹುಟ್ಟಿಸುವ ಕಾಯಿಲ್‌ವರೆಗೆ ತೂರಿಸುವುದಕ್ಕೆ ಫಿಟ್ಟರ್‌ನ ದಪ್ಪ ಬೆರಳು ಒಪ್ಪಲಿಲ್ಲ. ಸೊಸೆಯ ಬೆರಳು ಸರಾಗವಾಗಿ ಹೋಯಿತು. ಸೂಜಿಗೆ ದಾರ ಪೋಣಿಸಿದಂತೆ ಪೋಣಿಸಿ, ತಿರುಗಿಸಿ, ಬಿಗಿ ಮಾಡಿದಳು.

"ನೋಡಿ, ನಿಮ್ಮನ್ನ ಕಾರ್ಖಾನೆಗೆ ಕರ್ಕೊಂಡು ಹೋಗಿದ್ರೆ ನಮಗೆಲ್ಲ ಕೆಲಸ ಇರ್ತಿರಲಿಲ್ಲ," ಎಂದ ಫಿಟ್ಟರ್.

"ಏನಂತಾನೆ ಅವನು? ಆಯ್ತಂತಾ?" ಒಳಗಿಂದ ಅತ್ತೆ ಕೇಳಿದರು.

"ಆಯ್ತು ಅತ್ತೆ, ಇನ್ನೇನು ಆಯ್ತು."

ಬೆಳಗಿನಿಂದ ಅತ್ತೆ ಅದನ್ನೇ ಕೇಳುತ್ತಿದ್ದರು. ತಲೆ ಬಾಚಿಕೊಂಡಿದ್ದರು, ಒಗೆದ ಬಟ್ಟೆ ಹಾಕಿಕೊಂಡಿದ್ದರು. ಕುರ್ಚಿಯನ್ನು ಹಜಾರದ ಕಡೆಗೆ ತಿರುಗಿಸಿಕೊಂಡು ಕೂತಿದ್ದರು. ಬೈಕು ಕೊಡುವ ಸುದ್ದಿ ಹೇಳಿದಾಗ ಅವರು ಬೇಡ ಅನ್ನಲಿಲ್ಲ. ಒಂದೇ ಒಂದು ಕೇಳಿದರು. "ಒಯ್ಯೋಕೆ ಮುಂಚೆ ಒಂದು ಸಲ ಕೆಳಗಿನ ತಿರುವಿನಿಂದ ಮನೆಗೆ ಓಡಿಸ್ಕೊಂಡು ಬರಲಿ. ಸಾಕು."

ಯಾಕೆಂದು ಸೊಸೆಗೆ ಗೊತ್ತಿತ್ತು. ಆ ದಿನ ಬೆಳಗ್ಗೆ ಬೈಕು ಇಳಿಜಾರಿನಲ್ಲಿ ಇಳಿದು ಹೋದದ್ದನ್ನು ಅತ್ತೆ ಕೇಳಿದ್ದರು. ಮಧ್ಯಾಹ್ನ ಕಾರ್ಖಾನೆಯ ಮೆಷೀನಿನ ಪಕ್ಕ ಎದೆ ಹಿಡಿದುಕೊಂಡು ಕೂತ ಮಗ ಮತ್ತೆ ಏಳಲಿಲ್ಲ. ಮನೆಗೆ ಬಂದದ್ದು ಕಾರ್ಖಾನೆಯ ವ್ಯಾನಿನಲ್ಲಿ. ಕೆಲವು ದಿನದ ಮೇಲೆ ಬೈಕೂ ಬಂತು. ಸ್ಟಾರ್ಟ್ ಮಾಡಲು ಯಾರಿಗೂ ಮನಸ್ಸಾಗದೆ, ಫಿಟ್ಟರ್ ಮತ್ತು ಇನ್ನಿಬ್ಬರು ಏರಿನುದ್ದಕ್ಕೂ ತಳ್ಳಿಕೊಂಡು ತಂದಿದ್ದರು. ಸದ್ದಿಲ್ಲದೆ ಬಂದು ಹಜಾರದಲ್ಲಿ ನಿಂತದ್ದು ವರ್ಷ ತುಂಬಿದರೂ ಹಾಗೇ ನಿಂತಿತ್ತು.

ಆ ಮನೆಯಲ್ಲಿ ಬೀದಿಬಾಗಿಲಿಗೆ ಚಿಲಕ ಬೀಳುತ್ತಿದ್ದದ್ದು ಬೈಕು ಒಳಗೆ ಬಂದ ಮೇಲೆ, ಅದೂ ಅತ್ತೆಯ ಕೈಯಿಂದ. ಈಗ ಅತ್ತೆ ಚಿಲಕ ಹಾಕಲು ಬಿಡುತ್ತಿರಲಿಲ್ಲ. ಜಗಳವಾಡುತ್ತಿರಲಿಲ್ಲ, ಅಳುತ್ತಿರಲಿಲ್ಲ, ಸೊಸೆ ಹಾಕಿದ ಚಿಲಕವನ್ನು ಗೋಡೆ ಹಿಡಿದುಕೊಂಡು ಹೋಗಿ ತೆಗೆದು ಬರುತ್ತಿದ್ದರು, ಅಷ್ಟೆ. ಒಮ್ಮೆ ನಾಯಿ ಒಳಗೆ ಬಂದು ಹೊಲಿದಿಟ್ಟ ಬಟ್ಟೆಯ ಮೇಲೆ ಮಲಗಿತ್ತು. ಇನ್ನೊಮ್ಮೆ ಕುಡಿದ ಯಾವನೋ ಹಜಾರಕ್ಕೇ ಬಂದು ಕೂತು ತನ್ನ ಮನೆಯವರನ್ನು ಬೈಯತೊಡಗಿದ್ದ. ಅಂದಿನಿಂದ ಸೊಸೆ ಬಾಗಿಲಿಗೆ ಒಂದು ಸ್ಟೂಲು ಒರಗಿಸಿ, ಕಿವಿ ಅಲ್ಲಿಟ್ಟು ಮಲಗುತ್ತಿದ್ದಳು. ಅರೆನಿದ್ದೆಯಲ್ಲೇ ಬೆಳಗಾಗುತ್ತಿತ್ತು.

"ನಿಮಗೆ ಗೊತ್ತಿಲ್ವಾ ಅತ್ತೆ?" ಎಂದು ಒಮ್ಮೆ ಸೋತು ಕೇಳಿದ್ದಳು. "ಮುಖ ಮುಟ್ಟಿ ನೋಡಿದ್ರಲ್ಲ."

"ಬುದ್ಧಿಗೆ ಗೊತ್ತು ಕಣೇ. ಮುಟ್ಟಿದ್ದೂ ಅವನ ಮುಖವೇ. ಆದರೆ ಹೋದ ಸದ್ದು ಕೇಳಿದೀನಿ, ಬಂದ ಸದ್ದು ಕೇಳಿಲ್ಲ. ಕಿವಿಗೆ ಹೇಳೋರು ಯಾರು?"

ಇವತ್ತು ಕಿವಿಗೂ ಹೇಳಿಬಿಡೋಣ ಎಂದು ಸೊಸೆ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದಳು. ಕೆಮ್ಮದೆ, ಮುಗ್ಗರಿಸದೆ, ಚೊಕ್ಕವಾಗಿ ಬಂದು ನಿಲ್ಲಲಿ.

ಫಿಟ್ಟರ್ ಬೈಕನ್ನು ಹೊಸ್ತಿಲಿಗೆ ಒರಗಿಸಿದ ಹಲಗೆಯ ಮೇಲಿಂದ ಬೀದಿಗೆ ಇಳಿಸಿ, ತಳ್ಳಿಕೊಂಡೇ ತಿರುವಿನವರೆಗೆ ಹೋದ. ಸೊಸೆ ಮೆಷೀನಿನ ಮುಂದೆ ಬಂದು ಕೂತಳು. ಕೆಳಗೆಲ್ಲೋ ಕಿಕ್ ಒದ್ದ ಸದ್ದು. ಇನ್ನೊಮ್ಮೆ. ಮೂರನೆಯದಕ್ಕೆ ಎಂಜಿನ್ ಹಿಡಿಯಿತು. ಎರಡು ಸಿಲಿಂಡರೂ ಒಂದರ ಹಿಂದೊಂದು ಹೆಜ್ಜೆ ತಪ್ಪದೆ, ಬೆಣ್ಣೆಯಲ್ಲಿ ಚಾಕು ಇಳಿದಷ್ಟು ನಯವಾಗಿ ಏರು ಹತ್ತಿ ಬಾಗಿಲ ಮುಂದೆ ಬಂದು ನಿಂತವು.

ಅತ್ತೆ ಕೂತಲ್ಲಿಂದ ಏಳಲಿಲ್ಲ.

"ಯಾರದೋ ಬಂತು ನೋಡೇ," ಎಂದರು. "ನಮ್ಮದನ್ನ ಇನ್ನೂ ಸ್ಟಾರ್ಟ್ ಮಾಡಿಲ್ವಾ ಅವನು?"

ಫಿಟ್ಟರ್ ಎಂಜಿನ್ ಆರಿಸಿ ಬಾಗಿಲ ಪಟ್ಟಿಗೆ ಹಣೆ ಹೊಡೆಸಿಕೊಂಡು ಒಳಗೆ ಬಂದ. "ಅಮ್ಮಾ, ನಾನೇ."

"ನೀನು ಅಂತ ಗೊತ್ತಾಯ್ತು. ಗಾಡಿ ಯಾರದು?"

"ನಿಮ್ಮದೇ ಅಮ್ಮ. ಹೊಸ ವೈರು ಹಾಕಿದ್ವಿ. ಈಗ ಹೊಟ್ಟೆ ತುಂಬಿದ ಮಗು ಹಾಗಿದೆ."

"ಚೆನ್ನಾಗಿದೆ," ಎಂದರು ಅತ್ತೆ. "ಚೆನ್ನಾಗಿದೆ ಬಿಡು," ಎಂದು ಇನ್ನೊಮ್ಮೆ ಅಂದರು. ಮಡಿಲಲ್ಲಿ ಒಂದು ಕೈ ಇನ್ನೊಂದನ್ನು ಸವರುತ್ತಿತ್ತು. "ಅವನದು ಗಿರಣಿ ದಾಟಿದ ಮೇಲೆ ಏರಲ್ಲಿ ಒಂದು ಕಡೆ ಉಸಿರು ಹಿಡಿಯುತ್ತಪ್ಪ. ಪದ್ಯ ಓದೋರು ಸಾಲಿನ ಕೊನೇಲಿ ನಿಲ್ತಾರಲ್ಲ, ಹಾಗೆ. ಆಗ ನಾನು ಏಳ್ತೀನಿ. ಅದು ಮತ್ತೆ ಉಸಿರು ಬಿಡೋದರೊಳಗೆ ಬಾಗಿಲಿನ ಎರಡೂ ಕದ ತೆಗೆದು ಪಕ್ಕಕ್ಕೆ ನಿಂತಿರ್ತೀನಿ. ಇದರಲ್ಲಿ ಎಲ್ಲಿ ಏಳಬೇಕು ಅಂತಲೇ ಗೊತ್ತಾಗಲಿಲ್ಲ."

ಫಿಟ್ಟರ್ ಹಣೆ ಉಜ್ಜಿಕೊಂಡ. ಸೊಸೆಯ ಹತ್ತಿರ ಬಂದು ದನಿ ತಗ್ಗಿಸಿದ.

"ವೈರು ಹಾಕೋಣ ಬಾರೋ ಅಂತ ನಾನು ಎಷ್ಟು ಸಲ ಬಡ್ಕೊಂಡಿದೀನಿ ಅತ್ತಿಗೆ. 'ಹಾಕಿದ್ರೆ ಮನೇಲಿ ಬಾಗಿಲು ತೆಗೆಯೋರೇ ಇರಲ್ಲ ಮಾರಾಯ' ಅಂತಿದ್ದ. ಮನೆಯವರ ಮೇಲೆ ತಮಾಷೆ ಮಾಡ್ತಿದಾನೆ ಅಂದ್ಕೊಂಡು ನಾನೂ ನಗ್ತಿದ್ದೆ."

ಸೊಸೆ ಮೆಷೀನಿನ ಕಡೆ ನೋಡಿದಳು. ಏರಿನಲ್ಲಿ ಆ ಬಿಡುವನ್ನು ಅವಳು ಒಂದು ದಿನವೂ ಕೇಳಿರಲಿಲ್ಲ. ಅವನು ಬರುವ ಹೊತ್ತಿಗೆ ಅವಳ ಮೆಷೀನು ಯಾವಾಗಲೂ ಓಡುತ್ತಿರುತ್ತಿತ್ತು. ಬಂದದ್ದು ತಿಳಿಯುತ್ತಿದ್ದದ್ದು ಹೊಲಿಯುವ ಬಟ್ಟೆಯ ಮೇಲೆ ನೆರಳು ಬಿದ್ದಾಗ. ತಲೆ ಎತ್ತದೆಯೇ "ಬಂದ್ರಾ" ಎನ್ನುತ್ತಿದ್ದಳು.

ಬುಟ್ಟಿಗೆ ಕೈ ಹಾಕಿದಳು. ಚೂರುಬಟ್ಟೆಯ ಅಡಿಗೆ ಇಳಿದಿದ್ದ ಹಳೆಯ ವೈರುಗಳನ್ನು ತಡಕಿ ತೆಗೆದಳು. ಅಂಟಿಕೊಂಡಿದ್ದ ದಾರದ ತುಣುಕುಗಳನ್ನು ಒಂದೊಂದಾಗಿ ಬಿಡಿಸಿದಳು.

"ಇದನ್ನೇ ಹಾಕೋಣ," ಎಂದಳು.

"ಹೊತ್ತಾಗುತ್ತೆ ಅತ್ತಿಗೆ, ಬೆಳಕು ಹೋಗ್ತಿದೆ."

"ಹೋಗಲಿ."

ಬಿಚ್ಚುವುದಕ್ಕಿಂತ ಹಾಕುವುದು ಕಷ್ಟವಾಯಿತು. ಹೊಸದು ಕೈ ಹೇಳಿದಂತೆ ಬಾಗುತ್ತಿತ್ತು. ಹಳೆಯದು ತನಗೆ ಅಭ್ಯಾಸವಿದ್ದ ಡೊಂಕಿಗೇ ಹೋಗಿ ಕೂರುತ್ತಿತ್ತು. ಕೊನೆಗೆ ಸೊಸೆ ಅದನ್ನು ತಿದ್ದುವುದು ಬಿಟ್ಟು, ಅದು ಹೋದ ಕಡೆ ಬಿಟ್ಟಳು. ಟ್ಯಾಂಕಿನ ಕೆಳಗೆ, ಕೊಳವೆಯ ಪಕ್ಕದಲ್ಲಿ, ತನ್ನ ಜಾಗಕ್ಕೆ ತಾನೇ ಹೋಗಿ ಸೇರಿಕೊಂಡಿತು.

ಫಿಟ್ಟರ್ ಮತ್ತೆ ತಳ್ಳಿಕೊಂಡು ಹೋದ. ಈ ಸಲ ಸೊಸೆ ಬೀದಿಬಾಗಿಲು ಮುಚ್ಚಿ ಬಂದಳು, ಮೆಷೀನಿನ ಮುಂದೆ ಕೂರಲಿಲ್ಲ. ಒಳಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿ ಹೋದರು. ಆಮೇಲೆ ಕೆಳಗಿನಿಂದ ಸದ್ದು ಹತ್ತತೊಡಗಿತು, ಒರಟಾಗಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ. ಗಿರಣಿ ದಾಟಿತು. ಏರಿಗೆ ಭಾರ ಬಿದ್ದು, ಒಂದು ಕಡೆ ಸದ್ದು ತಟಕ್ಕನೆ ನಿಂತಿತು.

ಅತ್ತೆ ಎದ್ದರು.

ಕೋಲು ಕುರ್ಚಿಯ ಪಕ್ಕದಲ್ಲೇ ಉಳಿಯಿತು. ಬೆರಳನ್ನು ಗೋಡೆಗೆ ತಾಗಿಸಿಕೊಂಡು, ತಡವರಿಸದೆ, ಹಜಾರ ದಾಟಿ ಹೋಗಿ ಎರಡೂ ಕದ ತೆಗೆದರು. ಚಕ್ರ ಕಾಲಿನ ಮೇಲೆ ಹೋಗದಂತೆ ಎಡಕ್ಕೆ ಸರಿದು ನಿಂತರು. ಹಿಡಿದ ಉಸಿರು ಬಿಟ್ಟು, ಬೈಕು ಕೆಮ್ಮುತ್ತ ಬಾಗಿಲಿಗೆ ಬಂತು.

ಫಿಟ್ಟರ್ ಬೀದಿಯಲ್ಲೇ ಅನುಮಾನಿಸಿ ಸೊಸೆಯತ್ತ ನೋಡಿದ. ಒಳಗೆ ತನ್ನಿ ಎಂದು ಅವಳು ಕೈ ಮಾಡಿದಳು. ಹಲಗೆ ಗುಡುಗಿತು. ತಲೆ ಬಗ್ಗಿಸಿಕೊಂಡು ಅವನು ಒಳಗೆ ಬಂದ. ಹಣೆ ಪಟ್ಟಿಗೆ ತಾಗದೆ ಬಂದದ್ದು ಅದೇ ಮೊದಲು. ಹಜಾರದಲ್ಲಿ ದೀಪ ಹಾಕಿರಲಿಲ್ಲ. ಮುಚ್ಚಂಜೆಯ ಕಪ್ಪಿನಲ್ಲಿ ಎಡಗಡೆಯ ವೈರಿನ ಮೇಲೆ ನೀಲಿ ಕಿಡಿಗಳು ಹೊತ್ತಿ ಆರುತ್ತಿದ್ದವು.

ಅತ್ತೆಯ ಕೈ ಗಾಳಿಯಲ್ಲಿ ಹುಡುಕಿ ಟ್ಯಾಂಕಿನ ಮೇಲೆ ಕೂತಿತು.

"ತಡ ಮಾಡ್ಬಿಟ್ಟೆಯಲ್ಲೋ ಇವತ್ತು," ಎಂದರು.

ಫಿಟ್ಟರ್ ಉಸಿರಿನ ಸದ್ದೂ ಬರದಂತೆ ನಿಂತುಕೊಂಡ. ಸೊಸೆ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಎಂಜಿನ್ ಓಡುವಷ್ಟು ಹೊತ್ತು ಅತ್ತೆಯ ಕೈ ಟ್ಯಾಂಕಿನ ಜೊತೆಗೇ ನಡುಗುತ್ತಿತ್ತು.

"ಆರಿಸು. ಕೈಕಾಲು ತೊಳ್ಕೋ," ಎಂದರು ಅತ್ತೆ, ದಿನಾ ಹೇಳುತ್ತಿದ್ದ ದನಿಯಲ್ಲೇ.

ಅವನು ಕೀಲಿ ತಿರುಗಿಸಿದ. ಕಿಡಿ ಆರಿತು. ಬಿಸಿ ಲೋಹ ಟಿಕ್ ಟಿಕ್ ಎಂದು ತಣಿಯುವುದು ಬಹಳ ಹೊತ್ತು ಕೇಳಿಸಿತು. ಅದೂ ನಿಂತ ಮೇಲೆ ಅತ್ತೆ ಕೈ ತೆಗೆದು ಬಟ್ಟೆಗೆ ಒರೆಸಿಕೊಂಡರು.

"ಉದ್ದಪ್ಪಾ."

"ಅಮ್ಮಾ."

"ಹೊಸದನ್ನೇ ಹಾಕ್ಕೊಂಡು ಹೋಗು. ಪರ ಊರು. ದಾರೀಲಿ ಕೈಕೊಟ್ಟರೆ ಅಲ್ಲಿ ನಿನಗೆ ಬಾಗಿಲು ತೆಗೆಯೋರು ಯಾರೂ ಇಲ್ಲ."

ದೀಪ ಹಾಕಿ ಇಬ್ಬರೂ ಮತ್ತೆ ವೈರು ಬದಲಿಸಿದರು. ಹೊರಡುವಾಗ ಫಿಟ್ಟರ್ ಅತ್ತೆಯ ಕಾಲು ಮುಟ್ಟಿದ, ಸೊಸೆಗೆ ಕೈ ಮುಗಿದ. ಬೈಕು ನಯವಾಗಿ ಇಳಿಜಾರಿನಲ್ಲಿ ಇಳಿಯಿತು. ತಿರುವಿನಲ್ಲಿ ಬೇರೆ ಗಾಡಿಗಳ ಸದ್ದಿನೊಳಗೆ ಸೇರಿ, ಯಾವುದು ಅದು ಯಾವುದು ಅಲ್ಲ ಎಂದು ತಿಳಿಯದಂತಾಯಿತು.

ಹಜಾರದ ನೆಲದ ಮೇಲೆ ಎಣ್ಣೆಯ ಒಂದು ಕಲೆ ಉಳಿದಿತ್ತು. ಸೊಸೆ ಹಳೆಯ ವೈರುಗಳನ್ನು ಸುತ್ತಿ ಮೆಷೀನಿನ ಡ್ರಾಯರಿನಲ್ಲಿ ಇಟ್ಟಳು. ನಾಳೆ ಕೊಡಬೇಕಾದ ಅಂಗಿಯನ್ನು ಸೂಜಿಯ ಕೆಳಗೆ ಎಳೆದುಕೊಂಡು ಪೆಡಲಿನ ಮೇಲೆ ಕಾಲಿಟ್ಟಳು.

ಬೀದಿಬಾಗಿಲ ಹತ್ತಿರ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದಾಯಿತು. ಬಳಸದೆ ತುಕ್ಕು ಹಿಡಿದಿದ್ದ ಚಿಲಕ ಮೊದಲ ಸಲ ಅರ್ಧಕ್ಕೇ ನಿಂತಿತು. ಅತ್ತೆ ಇನ್ನೊಮ್ಮೆ ತಳ್ಳಿದರು. ಪೂರ್ತಿ ಬಿತ್ತು.

ಸ್ಟೂಲು ಗೋಡೆಯ ಪಕ್ಕದಲ್ಲೇ ಇತ್ತು. ಚಿಲಕ ಬಿದ್ದ ಬಾಗಿಲನ್ನೇ ನೋಡುತ್ತ ಸೊಸೆ ಕೂತಳು. ಕಾಲು ಪೆಡಲಿನ ಮೇಲೆಯೇ ಇತ್ತು, ಸೂಜಿ ಬಟ್ಟೆಯಲ್ಲಿ ಅರ್ಧ ಇಳಿದು ನಿಂತಿತ್ತು.