ಹದಿನಾಲ್ಕನೇ ಸಾವು

ನಮ್ಮ ಆಫೀಸಿನಲ್ಲಿ ಒಂದು ಮಂಡಿಚಿಪ್ಪು ಒಡೆಯುವುದಕ್ಕೆ ಎರಡು ವರ್ಷ ಹಿಡಿಯಿತು. ಒಡೆದವರು ಮೂವರು ಇಂಜಿನಿಯರುಗಳು. ಗುಂಡು ಎಡದಿಂದ ಬಿದ್ದರೆ ಚಿಪ್ಪು ಯಾವ ಕಡೆ ಹಾರಬೇಕು, ಬಲದಿಂದ ಬಿದ್ದರೆ ಯಾವ ಕಡೆ, ಹತ್ತಿರದಿಂದ ಹೊಡೆದರೆ ಕಾಲೇ ಕಿತ್ತು ಬರಬೇಕೋ ಬೇಡವೋ ಎಂದು ಊಟದ ಡಬ್ಬಿ ಮುಂದಿಟ್ಟುಕೊಂಡೇ ಚರ್ಚಿಸುತ್ತಿದ್ದರು. ಅದೇ ಮನುಷ್ಯನ ಮುಖಕ್ಕೆ ಸಿಕ್ಕಿದ್ದು ಎರಡು ದಿನ. ಹಾಗಾಗಿ ನಮ್ಮ ಕಂಪ್ಯೂಟರ್ ಆಟದಲ್ಲಿ ಸಾಯುವ ಸಾವಿರಾರು ಜನರಿಗೆ ಒಟ್ಟು ನಾಲ್ಕೇ ಮುಖ. ಮಂಡಿಗಳು ಮಾತ್ರ ಒಂದಕ್ಕಿಂತ ಒಂದು ಚೆನ್ನ.

ಆಟದ ಕಥೆ ಹೇಳಿ ಮುಗಿಸಲು ಒಂದು ಉಸಿರು ಸಾಕು. ಆಡುವವನು ಬಾಡಿಗೆ ಸೈನಿಕ. ಯಾರು ಕರೆದರೆ ಅವರ ಪರವಾಗಿ ಬಂದೂಕು ಹಿಡಿದು ಹೋಗುತ್ತಾನೆ, ಎದುರಿಗೆ ಬಂದವರನ್ನೆಲ್ಲ ಹೊಡೆಯುತ್ತಾನೆ, ಮುಂದಿನ ದೇಶಕ್ಕೆ ವಿಮಾನ ಹತ್ತುತ್ತಾನೆ. ಪರದೆಯ ಮೇಲೆ ಕಾಣುವುದು ಅವನ ಎರಡು ಕೈ ಮತ್ತು ಬಂದೂಕಿನ ತುದಿ. ತಲೆ ಕಾಣುವುದಿಲ್ಲ. ಇದ್ದಿರಲಿಕ್ಕೂ ಇಲ್ಲ.

ನಮ್ಮ ಯಜಮಾನನಿಗೆ ನಾವಿಟ್ಟ ಹೆಸರು ಜನರಲ್. ಮೈತುಂಬ ಜೇಬಿರುವ ಹಸಿರು ಪ್ಯಾಂಟು, ಕಪ್ಪು ಬೂಟು, ಗೋಡೆಯ ಮೇಲೆ ಹನ್ನೊಂದು ಪ್ಲಾಸ್ಟಿಕ್ ಬಂದೂಕು. ವರ್ಷಕ್ಕೊಮ್ಮೆ ಆಫೀಸಿಗೆ ಆರೋಗ್ಯ ತಪಾಸಣೆಯವರು ಬಂದಾಗ ಸೂಜಿ ಕಂಡು ಈ ಜನರಲ್ ಎಚ್ಚರ ತಪ್ಪಿ ಬಿದ್ದಿದ್ದ. ನರ್ಸು ಅವನ ಬೂಟು ಬಿಚ್ಚಿ ಪಾದ ತಿಕ್ಕಿದಳು. ಎದ್ದವನೇ ಮೀಟಿಂಗಿಗೆ ಹೋಗಿ, ಕತ್ತಿನಿಂದ ರಕ್ತ ಚಿಮ್ಮುವುದು ಇನ್ನೂ ಎರಡಡಿ ಎತ್ತರ ಬರಬೇಕು ಎಂದು ಮೇಜು ಗುದ್ದಿದ.

ನಾನು ಆ ಕಂಪನಿಯ ಧ್ವನಿ ವಿಭಾಗದ ಮುಖ್ಯಸ್ಥೆ. ವಿಭಾಗದಲ್ಲಿರುವುದೂ ನಾನೊಬ್ಬಳೇ. ಇಷ್ಟು ಅಸಹ್ಯವಿದ್ದರೆ ಬಿಟ್ಟು ಬರಬಾರದೇ ಎಂದು ನೀವು ಕೇಳಬಹುದು. ಒಂಬತ್ತು ವರ್ಷ ಅವರನ್ನೆಲ್ಲ ಮನಸ್ಸಿನಲ್ಲೇ ಬೈದುಕೊಂಡು, ಅವರ ಜೊತೆಯಲ್ಲೇ ಕಾಫಿ ಕುಡಿದೆ.

ಸಾಯುವವರಿಗೆ ಧ್ವನಿ ಬೇಕೆಂದಾಗ ನಾನು ಚಿಕ್ಕಪ್ಪನನ್ನು ಕರೆತಂದೆ. ಚಿಕ್ಕಪ್ಪ ನಲವತ್ತು ವರ್ಷ ನಾಟಕ ಕಂಪನಿಯಲ್ಲಿದ್ದವನು. ನಲವತ್ತು ವರ್ಷವೂ ಮೊದಲ ಅಂಕದಲ್ಲೇ ಸತ್ತವನು. ಎರಡನೇ ಕಾವಲುಗಾರ, ಓಲೆ ತಂದ ದೂತ, ಹೀಗೆ. ಅವನು ನೆಲಕ್ಕೆ ಬೀಳುವ ಹೊತ್ತಿಗೆ ಸರಿಯಾಗಿ ನಾಯಕನ ದೊಡ್ಡ ಮಾತು ಶುರುವಾಗುತ್ತಿತ್ತು. ಇವನು ಕೊನೆಯುಸಿರು ಎಳೆದದ್ದು ಮುಂದಿನ ಸಾಲಿನವರಿಗೂ ಕೇಳುತ್ತಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡದೆ ಪರದೆ ಬೀಳುವ ತನಕ ಬಿದ್ದಿರಬೇಕಿತ್ತು. ಕಂಪನಿ ಮುಚ್ಚಿದ ಮೇಲೆ ಕಣ್ಣಾಸ್ಪತ್ರೆಯಲ್ಲಿ ಟೋಕನ್ ನಂಬರು ಕೂಗುವ ಕೆಲಸ ಮಾಡಿದ. "ಎಂಬತ್ತೇಳು" ಎಂದು ಅವನು ಕೂಗಿದರೆ ಎಂಬತ್ತೆಂಟರವರೂ ಎದ್ದು ನಿಲ್ಲುತ್ತಿದ್ದರಂತೆ.

ನಾನು ಕೊಟ್ಟ ಪಟ್ಟಿಯಲ್ಲಿ ಅರವತ್ತೆರಡು ಸಾವುಗಳಿದ್ದವು. ಸಾವು ಒಂದು: ತಲೆ, ತಕ್ಷಣ. ಸಾವು ಎರಡು: ಕತ್ತು, ಗೊರಗೊರ. ಒಂದೊಂದಕ್ಕೂ ಮೂರು ಸೆಕೆಂಡ್ ಮಿತಿ, ಏಕೆಂದರೆ ಅಷ್ಟರಲ್ಲಿ ಆಡುವವನು ಮುಂದಿನ ಕೋಣೆಗೆ ಹೋಗಿರುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಅರ್ಧ ದಿನದಲ್ಲಿ ಅರವತ್ತೆರಡು ಸಲ ಕಿರುಚಿ ಮನೆಗೆ ಹೋಗುತ್ತಿದ್ದರು. ಚಿಕ್ಕಪ್ಪ ಹನ್ನೊಂದು ದಿನ ತೆಗೆದುಕೊಂಡ. ಗಾಜಿನ ಕೋಣೆಯೊಳಗೆ ನಿಂತು, ಕನ್ನಡಕ ಹಣೆಗೇರಿಸಿ, ಪ್ರತಿಯೊಂದಕ್ಕೂ ವಿಚಾರಣೆ.

"ಇವನು ಯಾರಮ್ಮ?"

"ಮೂರನೇ ಮಹಡಿ ಕಾವಲಿನವನು, ಚಿಕ್ಕಪ್ಪ."

"ಅದು ಕೆಲಸ. ಮನುಷ್ಯ ಯಾರು?"

"ಅದೆಲ್ಲ ಬರೆದಿಲ್ಲ. ಬೆನ್ನಿಗೆ ಗುಂಡು, ಅಷ್ಟೇ."

"ಅಷ್ಟೇ ಅಂದ್ರೆ ಹೇಗೆ? ಬೆನ್ನಿಗೆ ಬಿದ್ರೆ ಹೊಡೆದವನ ಮುಖ ನೋಡಿರಲ್ಲ. ಯಾರು ಅಂತ ತಿರುಗಿ ನೋಡ್ಬೇಕು ಅನ್ಸುತ್ತೆ. ಆ ಆಸೆ ಧ್ವನೀಲಿ ಬರಬೇಡ್ವಾ?"

ಮೂರು ಸೆಕೆಂಡಿನಲ್ಲಿ ಅದನ್ನೂ ತಂದ. ನಾನು ಹೆಡ್‌ಫೋನ್ ಹಾಕಿಕೊಂಡು ಕೂತವಳು ಒಮ್ಮೆ ನನಗೇ ಗೊತ್ತಿಲ್ಲದೆ ಹಿಂದೆ ತಿರುಗಿ ನೋಡಿದೆ. ಆ ಹನ್ನೊಂದು ದಿನ ನನಗೆ ನನ್ನ ಕೆಲಸದ ಬಗ್ಗೆ ಹೆಮ್ಮೆಯಿತ್ತು. ಸುಳ್ಳು ಯಾಕೆ ಹೇಳಲಿ.

ಹದಿನಾಲ್ಕನೆಯದು ಗೇಟಿನ ಕಾವಲುಗಾರ. ಹೊಟ್ಟೆಗೆ ಗುಂಡು, ನಿಧಾನ. ಚಿಕ್ಕಪ್ಪ ಆ ಸಾಲನ್ನು ಎರಡು ಸಲ ಓದಿದ. ಇವನು ಭಾವಮೈದುನನ ಬಲವಂತಕ್ಕೆ ಕೆಲಸಕ್ಕೆ ಸೇರಿದವನು, ಬಂದೂಕು ಹಿಡಿಯುವುದು ಸರಿಯಾಗಿ ಗೊತ್ತಿಲ್ಲ, ಹೊಡೆದವನ ಮೇಲೆ ಸಿಟ್ಟೂ ಇಲ್ಲ ಎಂದು ತಾನೇ ತೀರ್ಮಾನಿಸಿ, ಗೋಡೆಗೊರಗಿ ಕುಸಿದು ಕೂತ. ಒಂದೆರಡು ಉಸಿರು ಎಳೆದು, ಪಕ್ಕದ ಮನೆಯವರನ್ನು ಕೇಳುವ ಹಾಗೆ ಕೇಳಿದ: "ನೀರಿದ್ರೆ ಒಂದು ಗುಟುಕು ಕೊಡಪ್ಪ. ಆಮೇಲೆ ನಿನ್ನ ಕೆಲಸ ನೋಡ್ಕೊ."

ಹತ್ತೊಂಬತ್ತು ಸೆಕೆಂಡ್. ಕತ್ತರಿಸಲು ನನಗೆ ಕೈ ಬರಲಿಲ್ಲ. ಮೂರು ಸೆಕೆಂಡಿಗಿಂತ ಉದ್ದವಿರುವುದನ್ನು ನಮ್ಮ ಕಂಪ್ಯೂಟರು ಸಾವೆಂದು ಒಪ್ಪಿಕೊಳ್ಳುವುದಿಲ್ಲ. ಹಾಗಾಗಿ ಅದನ್ನು 'ಸಂಭಾಷಣೆ' ಎಂಬ ಫೋಲ್ಡರಿಗೆ ಹಾಕಿ ಗೇಟಿನವನಿಗೆ ಜೋಡಿಸಿದೆ.

ಚಿಕ್ಕಪ್ಪ ಊರಿಗೆಲ್ಲ ಸುದ್ದಿ ಹಂಚಿದ. ಕ್ಷೌರದವನಿಗೆ, ಹಳೆಯ ಕಣ್ಣಾಸ್ಪತ್ರೆಯವರಿಗೆ, ವಾಕಿಂಗಿನ ಗೆಳೆಯರಿಗೆ. ಚಿಕ್ಕಮ್ಮ ಫೋನಿನಲ್ಲಿ ಗೊಣಗಿದಳು: "ಅರವತ್ತೆರಡು ಸಲ ಸತ್ತು ಬಂದಿದಾರಂತೆ ನಿಮ್ಮ ಚಿಕ್ಕಪ್ಪ. ಮನೇಲಿ ಒಂದು ಬಲ್ಬು ಬದಲಾಯಿಸೋಕೆ ಮಾತ್ರ ಸೊಂಟ ನೋವು."

ಆಮೇಲೆ ಆಟ ಸರ್ಟಿಫಿಕೇಟ್ ಕಚೇರಿಗೆ ಹೋಯಿತು. ಅಲ್ಲಿನ ಅಧಿಕಾರಿಣಿ ನೋಡಿದರು, ಇದನ್ನು ದೊಡ್ಡವರಿಗೂ ಮಾರುವ ಹಾಗಿಲ್ಲ, ಮನುಷ್ಯರ ದೇಹವನ್ನು ಹೀಗೆ ಚಿಂದಿ ಮಾಡುವುದಕ್ಕೆ ಒಪ್ಪಿಗೆಯಿಲ್ಲ ಎಂದು ಬರೆದರು. ಜನರಲ್ ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದ. ಮೂರನೇ ದಿನ ಅವನಿಗೆ ಜ್ಞಾನೋದಯವಾಯಿತು.

"ಮನುಷ್ಯರು ತಾನೇ ಬೇಡ?" ಎಂದ. "ಎಲ್ಲರನ್ನೂ ರೋಬೋಟ್ ಮಾಡಿಬಿಡೋಣ."

ಮಾಡಿದರು. ನಾಲ್ಕು ಮುಖಗಳ ಮೇಲೆ ನಾಲ್ಕು ತಗಡಿನ ಮುಖವಾಡ. ಕೆಂಪು ರಕ್ತಕ್ಕೆ ಕಪ್ಪು ಎಣ್ಣೆ. ಕರುಳಿನ ಜಾಗದಲ್ಲಿ ವೈರು. ಮಂಡಿಚಿಪ್ಪು ಹಾರುವುದು ಹಾಗೆಯೇ ಹಾರಿತು, ಕತ್ತಿನಿಂದ ಚಿಮ್ಮುವುದು ಅಷ್ಟೇ ಎತ್ತರ ಚಿಮ್ಮಿತು. ಅಧಿಕಾರಿಣಿ ಎರಡನೇ ಸಲ ನೋಡಿ ತೃಪ್ತರಾದರು. "ಈಗ ಯಾರೂ ಸಾಯ್ತಿಲ್ಲ ನೋಡಿ, ಚೆನ್ನಾಗಿದೆ" ಎಂದರಂತೆ. ಇಂಥವರಿಗೆ ಸರ್ಕಾರ ಕುರ್ಚಿ, ಫ್ಯಾನು, ಜವಾನ ಎಲ್ಲ ಕೊಟ್ಟಿರುತ್ತದೆ.

ನನಗೆ ಬಂದ ಆದೇಶ ಒಂದು ಸಾಲಿನದು: ಮನುಷ್ಯರ ಸಾವಿನ ಧ್ವನಿ ತೆಗೆದು ಯಂತ್ರದ ಸದ್ದು ಹಾಕಿ. ಚಿಕ್ಕಪ್ಪನ ಅರವತ್ತೊಂದು ಸಾವುಗಳ ಜಾಗದಲ್ಲಿ ಮಿಕ್ಸಿ ಕೆಟ್ಟಾಗಿನ ಸದ್ದು ತುಂಬಿದೆ. ಅರವತ್ತೊಂದನ್ನೂ ಅಳಿಸಬೇಕಿತ್ತು, ಮನಸ್ಸಾಗದೆ ನನ್ನ ಕಂಪ್ಯೂಟರಿನಲ್ಲೇ ಇಟ್ಟುಕೊಂಡೆ. ಹದಿನಾಲ್ಕನೆಯದು ಸಂಭಾಷಣೆಯ ಫೋಲ್ಡರಿನಲ್ಲಿತ್ತು. ಆದೇಶದಲ್ಲಿ ಸಂಭಾಷಣೆಯ ಮಾತಿರಲಿಲ್ಲ. ನಾನು ನೋಡಿದೆ, ನೋಡಿಯೂ ಸುಮ್ಮನಾದೆ. ಒಬ್ಬನಾದರೂ ಉಳಿಯಲಿ, ಚಿಕ್ಕಪ್ಪನಿಗೆ ತೋರಿಸಲು ಒಂದಾದರೂ ಇರಲಿ ಎಂದುಕೊಂಡೆ. ಅದು ಕರುಣೆ ಎಂದು ನಾನು ತಿಳಿದಿದ್ದೆ.

ಆಟ ಅಂಗಡಿಗೆ ಬಂದ ಮೂರನೇ ದಿನಕ್ಕೆ ಗದ್ದಲವೋ ಗದ್ದಲ. ಹೊಟ್ಟೆಗೆ ಗುಂಡು ಬಿದ್ದ ತಗಡಿನ ಬೊಂಬೆಯೊಂದು ಗೋಡೆಗೊರಗಿ ಕೂತು, ಎಣ್ಣೆ ಸೋರಿಸುತ್ತ, ಮುದುಕನ ದನಿಯಲ್ಲಿ ನೀರು ಕೇಳುತ್ತದೆ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆ ಗೇಟಿನ ವಿಡಿಯೋಗಳು ಮನೆಮನೆಗೆ ಹೋದವು. ಯಾರು ಯಾರನ್ನು ಎಷ್ಟು ಸಲ ಕೊಂದರು ಎಂಬ ಲೆಕ್ಕ ನಮ್ಮ ಯಂತ್ರಕ್ಕೆ ತಾನಾಗಿ ಬರುತ್ತದೆ. ಆಟದ ಕೊನೆಯ ದೊಡ್ಡ ಖಳನನ್ನು ಕೊಂದವರಿಗಿಂತ ಗೇಟಿನವನನ್ನು ಕೊಂದವರು ಒಂಬತ್ತು ಪಟ್ಟು. ಅವನ ಮಾತು ಮುಗಿಯುವ ತನಕ ಕಾಯುತ್ತಾರೆ, ತಲೆಗೆ ಹೊಡೆಯುತ್ತಾರೆ, ಆಟವನ್ನು ಹಿಂದಕ್ಕೆ ಹಾಕಿ ಮತ್ತೆ ಹೊಟ್ಟೆಗೆ ಹೊಡೆಯುತ್ತಾರೆ. ಓದಿದವರು, ಹೆಂಡತಿ ಮಕ್ಕಳಿರುವವರು.

ಚಿಕ್ಕಪ್ಪನಿಗೆ ಆಟ ಆಡಲು ಬರುವುದಿಲ್ಲ, ವಿಡಿಯೋ ಹುಡುಕಲೂ ಬರುವುದಿಲ್ಲ. ತನ್ನ ಧ್ವನಿ ಹೆಸರು ಮಾಡಿದೆ ಎಂದು ಯಾರೋ ಹೇಳಿದ್ದಷ್ಟೇ ಗೊತ್ತು. ಅವತ್ತು ಸಂಜೆ ಫೋನ್ ಮಾಡಿದ.

"ಗೇಟಿನವನು ಎಲ್ಲರಿಗೂ ಇಷ್ಟ ಆದ್ನಂತೆ?"

"ಹೌದು ಚಿಕ್ಕಪ್ಪ. ಅವನದೇ ಮಾತು ಎಲ್ಲ ಕಡೆ."

"ಯಾರಾದ್ರೂ ನೀರು ಕೊಟ್ರಾ?"

ಆ ಆಟದಲ್ಲಿ ನೀರು ಕೊಡಲು ಬರುವುದಿಲ್ಲ. ಹೊಡೆಯುವುದು, ಗುಂಡು ತುಂಬುವುದು, ಓಡುವುದು, ಹಾರುವುದು, ಇಷ್ಟೇ ಅದರ ಸಂಸಾರ. ಒಂದು ಮಾತಿನಲ್ಲಿ ಹೇಳಿಬಿಡಬಹುದಿತ್ತು.

"ಕೆಲವರು ಕೊಡ್ತಾರೆ ಚಿಕ್ಕಪ್ಪ," ಎಂದೆ.

ಅವನು ಚಿಕ್ಕಮ್ಮನನ್ನು ಕರೆದು ಹೇಳುವುದು ಕೇಳಿಸಿತು: "ಕೊಡ್ತಾರಂತೆ ಕಣೆ. ಬಂದೂಕು ಕೆಳಗಿಟ್ಟು ಕೊಡ್ತಾರಂತೆ." ಬಂದೂಕು ಕೆಳಗಿಡುವುದನ್ನು ಅವನೇ ಸೇರಿಸಿಕೊಂಡ. ಮಾರನೇ ದಿನಕ್ಕೆ ಕ್ಷೌರದಂಗಡಿಗೂ ಗೊತ್ತಾಗಿತ್ತು.

ವಾರದೊಳಗೆ ಜನರಲ್ ನನ್ನನ್ನು ಕರೆದ. ನಾನು ಮಾಡಿದ ತಪ್ಪಿಗೆ ಬೈಯುತ್ತಾನೆಂದು ಹೋದರೆ ಕೈಕುಲುಕಿದ. "ಆ ತಾತನ್ನ ಕರೆಸಿ. ಇನ್ನೂ ಇಪ್ಪತ್ತು ಮಾತು ಬೇಕು. ಒಬ್ಬ ರೋಬೋಟು ಕಂಬಳಿ ಕೇಳಲಿ, ಒಬ್ಬ ಅಮ್ಮನಿಗೆ ಫೋನ್ ಮಾಡ್ಬೇಕು ಅನ್ನಲಿ. ಸ್ವಲ್ಪ ಅಳೋ ತರ ಇದ್ರೆ ಇನ್ನೂ ಮಜಾ."

ಚಿಕ್ಕಪ್ಪನಿಗೆ ಆರೋಗ್ಯ ಸರಿಯಿಲ್ಲ ಎಂದೆ. ಜನರಲ್ ನನ್ನನ್ನು ನಂಬದೆ ತಾನೇ ಫೋನ್ ಮಾಡಿದ. ಚಿಕ್ಕಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮರುದಿನ ಬೆಳಗ್ಗೆ ಹತ್ತಕ್ಕೆ ಹಾಜರ್.

ಬಂದವನು ಕೇಳಿದ್ದು ಒಂದೇ: "ಮೊದ್ಲು ನನ್ನ ಗೇಟಿನವನನ್ನ ತೋರಿಸ್ತೀರಾ?"

ನಾನು ಅಡ್ಡಬಾಯಿ ಹಾಕಿದೆ, ರೆಕಾರ್ಡಿಂಗ್ ಮುಗಿಯಲಿ ಎಂದೆ. ಜನರಲ್ ಆಗಲೇ ದೊಡ್ಡ ಪರದೆ ಹಚ್ಚಿದ್ದ. ಮಂಡಿಯ ಇಂಜಿನಿಯರುಗಳು ಕುರ್ಚಿ ಎಳೆದುಕೊಂಡು ಬಂದರು. ಜನರಲ್ ತಾನೇ ಆಡಿದ, ಗೇಟಿನವನ ಹೊಟ್ಟೆಗೆ ಒಂದೇ ಗುಂಡು. ತಗಡಿನವನು ಕುಸಿದು ಕೂತ. ಚಿಕ್ಕಪ್ಪ ಮುಂದಕ್ಕೆ ಬಾಗಿದ, ಕನ್ನಡಕ ಹಣೆಯಿಂದ ಮೂಗಿಗಿಳಿಸಿದ. ಆ ಮಾತು ಬಂದಾಗ ಇಡೀ ಕೋಣೆ ಗೇಟಿನವನ ಜೊತೆ ಸೇರಿ ರಾಗವಾಗಿ ಹೇಳಿತು: "ನೀರಿದ್ರೆ ಒಂದು ಗುಟುಕು ಕೊಡಪ್ಪ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಜನರಲ್ ತಲೆಗೆ ಹೊಡೆದ. ಆಟ ಹಿಂದಕ್ಕೆ ಹೋಯಿತು, ಗೇಟಿನವನು ಮತ್ತೆ ಎದ್ದು ನಿಂತ.

"ನೀರು ಕೊಡೋದು ಯಾವ ಬಟನ್ನಲ್ಲಿ?" ಎಂದ ಚಿಕ್ಕಪ್ಪ.

"ಅಂಥದ್ದೆಲ್ಲ ಇಲ್ಲ ತಾತ. ಇದು ಯುದ್ಧ."

ಚಿಕ್ಕಪ್ಪ ನನ್ನ ಕಡೆ ತಿರುಗಿದ. ನಾನು ಕೀಬೋರ್ಡ್ ನೋಡಿದೆ. ಒಂಬತ್ತು ವರ್ಷ ಆ ಕೋಣೆಯಲ್ಲಿದ್ದವರನ್ನೆಲ್ಲ ಕಾಲಕಸಕ್ಕಿಂತ ಕಡೆಯಾಗಿ ಕಂಡವಳು ನಾನು. ಆದರೆ ಅವರಲ್ಲಿ ಯಾರೂ ಚಿಕ್ಕಪ್ಪನಿಗೆ ಸುಳ್ಳು ಹೇಳಿರಲಿಲ್ಲ.

"ಇವನನ್ನ ತೆಗೆದುಬಿಡಿ," ಎಂದ ಚಿಕ್ಕಪ್ಪ ಜನರಲ್‌ಗೆ. ಕೂಗಲಿಲ್ಲ, ಟೋಕನ್ ದನಿ ತೆಗೆಯಲಿಲ್ಲ. "ಬೇರೆ ಏನು ಬೇಕಾದ್ರೂ ಇಟ್ಕೊಳ್ಳಿ. ಇವನನ್ನ ಮಾತ್ರ ಬಿಟ್ಟುಬಿಡಿ."

"ಇವನಿಂದಾನೇ ನಾವೆಲ್ಲ ಊಟ ಮಾಡ್ತಿರೋದು ತಾತ," ಎಂದು ಜನರಲ್ ಅವನ ಬೆನ್ನು ತಟ್ಟಿ, ಇಪ್ಪತ್ತು ಮಾತುಗಳ ಹಾಳೆಯನ್ನು ಕೈಗಿತ್ತ. ಚಿಕ್ಕಪ್ಪ ಹಾಳೆಯನ್ನು ಕೊನೆಯ ತನಕ ಓದಿದ. ಮಡಚಿ ಮೇಜಿನ ಮೇಲಿಟ್ಟ. ಎಲ್ಲರಿಗೂ ಕೈಮುಗಿದು ಹೊರಟುಹೋದ.

ಬಾಗಿಲು ಮುಚ್ಚಿದ ಮೇಲೆ ಜನರಲ್ ತಲೆ ಕೆರೆದುಕೊಂಡ. ಪ್ಲಾಸ್ಟಿಕ್ ಬಂದೂಕುಗಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವನ ಮುಖ ಅರಳಿತು.

"ಹಳೇವು ಅರವತ್ತೊಂದು ಇರಬೇಕಲ್ಲ ನಿಮ್ಮತ್ರ? ಅದನ್ನೇ ರೋಬೋಟುಗಳಿಗೆ ಹಾಕೋಣ. ಸರ್ಟಿಫಿಕೇಟ್ ಹೇಗಿದ್ರೂ ಕೈಲಿದೆ."

"ನೋಡ್ತೀನಿ," ಎಂದು ನನ್ನ ಕೋಣೆಗೆ ಬಂದೆ. ಒಳಗಿನಿಂದ ಚಿಲಕ ಹಾಕಿದೆ. ಒಂದರಿಂದ ಅರವತ್ತೆರಡರವರೆಗೆ, ನಡುವೆ ಹದಿನಾಲ್ಕು ಬಿಟ್ಟು, ಎಲ್ಲ ಸಾಲಾಗಿದ್ದವು. ಯಾರು ಹೊಡೆದರೆಂದು ತಿರುಗಿ ನೋಡಲು ಬಯಸಿದವನು, ನಾಚಿಕೆಯಿಂದ ಸತ್ತವನು, ಕೆಮ್ಮುತ್ತ ಯಾರ ಹತ್ತಿರವೋ ಕ್ಷಮೆ ಕೇಳಿದವನು. ನಲವತ್ತು ವರ್ಷ ಯಾರೂ ಕೇಳಿಸಿಕೊಳ್ಳದ ಚಿಕ್ಕಪ್ಪನ ಇಡೀ ಬದುಕಿನ ಒಳ್ಳೆಯ ಕೆಲಸ ಅದು, ಬೇರೆಲ್ಲೂ ಇನ್ನೊಂದು ಪ್ರತಿಯಿಲ್ಲ. ಅಷ್ಟನ್ನೂ ಒಟ್ಟಿಗೆ ಆರಿಸಿ ಅಳಿಸಿದೆ. ಯಂತ್ರ ಒಂದು ಸಲ, ನಿಜವಾಗಿಯೂ ಅಳಿಸಬೇಕೇ ಎಂದು ಕೇಳಿತು. ಹೌದು ಎಂದೆ. ನಾಲ್ಕು ಸೆಕೆಂಡ್ ಕೂಡ ಹಿಡಿಯಲಿಲ್ಲ.

ಕೆಳಗೆ ಬಸ್ ನಿಲ್ದಾಣದಲ್ಲಿ ಚಿಕ್ಕಪ್ಪ ಇನ್ನೂ ನಿಂತಿದ್ದ. ಬಿಳಿ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ನಾನು ಪಕ್ಕದಲ್ಲಿ ನಿಂತೆ.

"ಉಳಿದವನ್ನೆಲ್ಲ ಅಳಿಸಿಬಿಟ್ಟೆ ಚಿಕ್ಕಪ್ಪ. ಇನ್ನು ಅವರ ಕೈಗೆ ಸಿಗಲ್ಲ."

"ಒಳ್ಳೇದಾಯ್ತು."

"ಗೇಟಿನವನನ್ನ ತೆಗೆಯೋಕೆ ಆಗಲ್ಲ. ಎಲ್ಲರ ಮನೆಗೂ ಹೋಗಿಬಿಟ್ಟಿದಾನೆ."

ಅವನು ತಲೆಯಾಡಿಸಿದ. ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಹನ್ನೊಂದು ದಿನ ಗಾಜಿನ ಆಚೆ ಕೂತಿದ್ಯಲ್ಲಮ್ಮ," ಎಂದ. "ಅಲ್ಲಿ ನೀರೇ ಇಲ್ಲ ಅಂತ ನಿನಗೆ ಮೊದಲೇ ಗೊತ್ತಿತ್ತು. ಒಂದು ಮಾತು ಹೇಳಿದ್ದಿದ್ರೆ, ನಾನು ಅವನ ಬಾಯಲ್ಲಿ ನೀರು ಕೇಳಿಸ್ತಾನೇ ಇರಲಿಲ್ಲ."