ಹಿತ್ತಲ ತೊಟ್ಟಿಯ ಲೆಕ್ಕ

ಎಂ.ಸಿ.ಸಿ. ಬಡಾವಣೆಯಲ್ಲಿ ನಾವು ಮನೆ ಕಟ್ಟಿಸುವಾಗ ಗೋಡೆಗೆ ನೀರುಣಿಸಲೆಂದು ಹಿತ್ತಲಲ್ಲಿ ಒಂದು ತೊಟ್ಟಿ ಮಾಡಿಸಿದ್ದೆವು. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಒಳಗೆ ನಿಂತರೆ ಎದೆಮಟ್ಟ ನೀರು. ಮನೆ ಮುಗಿದ ಮೇಲೆ ಒಡೆಸಬೇಕೆಂದುಕೊಂಡದ್ದು ಹಾಗೆಯೇ ಉಳಿಯಿತು. ಎಂಬತ್ತೆರಡರ ಯುಗಾದಿಯ ಮರುವಾರ ನಮ್ಮ ಯಜಮಾನರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ನೋಡಲು ಬಂದ ಡಾಕ್ಟರು ಕೈ ತೊಳೆಯಲು ಹಿತ್ತಲಿಗೆ ಹೋದವರು ತೊಟ್ಟಿಯ ಹತ್ತಿರ ನಿಂತುಬಿಟ್ಟರು.

"ದಿನಾ ಅರ್ಧ ಗಂಟೆ ಇದರಲ್ಲಿ ನಿಲ್ಲಿಸಿ ನೋಡೋಣ. ನೀರಿನಲ್ಲಿ ಮೈಭಾರ ಕಾಲಿನ ಮೇಲೆ ಬೀಳೋದಿಲ್ಲ," ಎಂದರು.

ಪಕ್ಕದ ಮನೆಯ ಭರಮಣ್ಣ ಬಟ್ಟೆ ಗಿರಣಿಯ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗುವ ಮೊದಲು ಇವರನ್ನು ನೀರಿಗಿಳಿಸಿ, ಮತ್ತೆ ಮೇಲಕ್ಕೆತ್ತಿ ಹೋಗುತ್ತಿದ್ದರು. ಮೈ ಮುಟ್ಟುವ ಮೊದಲು ತಮ್ಮ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಮೇ ತಿಂಗಳ ಬಿಸಿಲಿಗೆ ಕಾದ ನೀರಿನಲ್ಲಿ ಇವರಿಗೆ ತಲೆಸುತ್ತು ಬಂದು ಎರಡು ವಾರ ನಿಲ್ಲಿಸಿದ್ದು ಬಿಟ್ಟರೆ, ಒಂದು ದಿನವೂ ತಪ್ಪಲಿಲ್ಲ. ದಸರೆಯ ಹೊತ್ತಿಗೆ, ತೊಟ್ಟಿಯ ಅಂಚು ಹಿಡಿದುಕೊಂಡು, ನಾನು ಇಪ್ಪತ್ತು ಎಣಿಸುವವರೆಗೆ ಇವರು ತಮ್ಮಷ್ಟಕ್ಕೆ ನಿಲ್ಲುತ್ತಿದ್ದರು.

ಕಾರ್ತಿಕದಲ್ಲಿ ನೀರು ಕೊರೆಯತೊಡಗಿತು. ಕಾಲು ಕೊರಡಿನಂತೆ ಬಿಗಿಯಿತು. "ತಣ್ಣೀರು ಬೇಡ," ಎಂದರು ಡಾಕ್ಟರು. "ಆದರೆ ಮೂರು ತಿಂಗಳು ಬಿಟ್ಟರೆ ಇವರು ಮತ್ತೆ ನಿಲ್ಲೋದು ಸುಳ್ಳು. ನೀರನ್ನೇ ಬಿಸಿ ಮಾಡೋಕಾಗುತ್ತಾ ನೋಡಿ."

ನನಗೆ ನೆನಪಾದದ್ದು ರೌಫ್. ನಮ್ಮವರು ಹರಿಹರದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದಾಗ ಅವರ ಕೈಕೆಳಗೆ ಕೆಲಸ ಕಲಿತವನು. ಈಗ ಅಲ್ಲಿನ ಬಸ್ ನಿಲ್ದಾಣದ ಹತ್ತಿರ ಸ್ವಂತ ವೆಲ್ಡಿಂಗ್ ಅಂಗಡಿ ಇಟ್ಟಿದ್ದ. ಒಂದು ಕಾಗದ ಹಾಕಿದೆ. ಭಾನುವಾರವೇ ಬಂದು ತೊಟ್ಟಿ ಅಳೆದು, ನಕ್ಷೆ ಬರೆದು, ಇವರ ಮಂಚದ ಮೇಲೆ ಹರಡಿದ.

"ಮಂಡಕ್ಕಿ ಭಟ್ಟಿಯಾಗ ಭತ್ತದ ಹೊಟ್ಟು ಉರಿಸ್ತಾರಲ್ರಿ ಅಕ್ಕಾರೆ, ಅಂಥದೇ ಒಲಿ. ಅದ್ರೊಳಗ ತಾಮ್ರದ ಕೊಳವೆ ಸುರುಳಿ. ಪಂಪು ನೀರು ತಿರುಗಿಸ್ತೈತೆ. ಬೇಸಿಗ್ಯಾಗ ಒಲಿ ಬ್ಯಾಡ. ಅದೇ ಪಂಪು ನೀರು ಎತ್ತಿ ಲಾವಂಚದ ತಟ್ಟಿ ಮ್ಯಾಲೆ ಸುರೀತೈತೆ, ಹಿಂದ ಒಂದು ಫ್ಯಾನು. ತಣ್ಣಗಾಗಿ ಕೆಳಗಿಳೀತೈತೆ."

"ಎಮ್ಮೆ ಮೈ ತೊಳಿಯಾಕೆ ಇಷ್ಟೆಲ್ಲ ಬೇಕೇನೋ?" ಎಂದರು ಇವರು. ಆಗಲೂ ಮಾತಾಡುವಾಗ ಬಾಯಿ ಒಂದು ಕಡೆಗೆ ಎಳೆಯುತ್ತಿತ್ತು.

"ಎಮ್ಮಿ ಆಗಿದ್ರ ಹೊಳಿಗೆ ಹೊಡಕೊಂಡು ಹೋಗ್ತಿದ್ದೆ ಸಾಹೇಬ್ರ. ನೀವು ಹೇಳಿದ ಮಾತು ಕೇಳಲ್ಲ."

ಸಾಮಾನಿಗೇ ನಾಲ್ಕು ಸಾವಿರ ಆಗುತ್ತಿತ್ತು. ಕೂಲಿಯ ಮಾತೆತ್ತಿದರೆ ರೌಫ್ ಕಿವಿ ಕೇಳಿಸದವನಂತೆ ಅಳತೆಯ ಪಟ್ಟಿ ಸುತ್ತುತ್ತ ಕೂತ. ಅಂಚೆ ಕಚೇರಿಯಲ್ಲಿ ನಾವು ಕೂಡಿಟ್ಟದ್ದರಲ್ಲಿ ಆ ನಾಲ್ಕು ಸಾವಿರವೇ ಅರ್ಧಕ್ಕಿಂತ ಹೆಚ್ಚು. ನಾನು ಮನಸ್ಸಿನಲ್ಲಿ ಆಗಲೇ ಒಪ್ಪಿಬಿಟ್ಟಿದ್ದೆ.

"ಲೆಕ್ಕ ಹಾಕದೆ ಒಪ್ಪಬ್ಯಾಡ ಶಾಂತಾ," ಎಂದರು ಇವರು. "ನಕ್ಷೆ ಇಲ್ಲೇ ಇರ್ಲಿ."

ಮೂರು ದಿನ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಬರೆದರು. ನಾಲ್ಕನೆಯ ದಿನ ಬೆಳಿಗ್ಗೆ ಹಾಳೆಯನ್ನು ನನ್ನ ಕೈಗಿತ್ತರು. ಕೊನೆಯ ಸಾಲು: ಖರ್ಚಿಗೆ ತಕ್ಕ ಪ್ರಯೋಜನವಿಲ್ಲ. ಅದರ ಕೆಳಗೆ ರುಜುವಿಗೆ ಒಂದು ಗೆರೆ.

ಆ ಗೆರೆ ಯಾಕೆಂದು ನನಗೆ ಗೊತ್ತಿತ್ತು. ಕಾರ್ಖಾನೆಯಲ್ಲಿ ಹಳೆಯ ಯಂತ್ರ ಕೆಟ್ಟು ನಿಂತಾಗ, ದುರಸ್ತಿಯೋ ಗುಜರಿಯೋ ಎಂದು ಇವರು ಇಂಥದೇ ಹಾಳೆ ಬರೆಯುತ್ತಿದ್ದರು. ಮೇಲಿನವರಿಗೆ ಕಳಿಸುವ ಮೊದಲು, ಆ ಯಂತ್ರ ಓಡಿಸುತ್ತಿದ್ದ ಕೆಲಸಗಾರನನ್ನು ಕೂರಿಸಿಕೊಂಡು ಓದಿ ಹೇಳಿ, ಅವನ ರುಜು ಹಾಕಿಸುತ್ತಿದ್ದರು. ಅಂಥ ನಿಯಮವೇನೂ ಇರಲಿಲ್ಲ, ಇವರದೇ ಪದ್ಧತಿ. ಅಷ್ಟು ವರ್ಷ ಜೊತೆಗಿದ್ದವನಿಗೆ ತಿಳಿಸದೆ ಯಂತ್ರವನ್ನು ಹೊರಗೆಳೆಯಬಾರದು ಎನ್ನುತ್ತಿದ್ದರು.

ನಾನು ಮೈಸೂರಿನಲ್ಲಿ ಗಣಿತ ಓದಿದವಳು. ಕನ್ನಡಕ ಹಾಕಿಕೊಂಡು ಮೊದಲಿನಿಂದ ನೋಡಿದೆ. ಕೂಡುವುದು, ಗುಣಿಸುವುದು ಎಲ್ಲ ಸರಿಯಾಗಿತ್ತು. ಆದರೆ ಹೊಟ್ಟು ದಿನಕ್ಕೆ ಮೂರು ಚೀಲ ಎಂದಿತ್ತು. ಕಾಯಿಸಿದ ನೀರು ಬೆಳಗಾಗುವುದರೊಳಗೆ ಪೂರ್ತಿ ಆರುತ್ತದೆಂದು ಲೆಕ್ಕ ಹಿಡಿದಿದ್ದರು. ರೌಫ್‌ನ ನಕ್ಷೆಯಲ್ಲಿ ತೊಟ್ಟಿಗೆ ತಗಡಿನ ಮುಚ್ಚಳವಿತ್ತು. ಮುಚ್ಚಿಟ್ಟರೆ ಒಂದು ಚೀಲ ಸಾಕು.

"ಮುಚ್ಚಳ ಬಿಟ್ಟಿದ್ದೀರಿ," ಎಂದೆ.

"ಗಾಳಿಗೆ ಹಾರಿ ಹೋದ್ರೆ?"

"ನಾಲ್ಕು ಕಡೆ ಕೊಕ್ಕೆ ಬರೆದಿದ್ದಾನೆ, ನೋಡಿ ಇಲ್ಲಿ. ಮೂವತ್ತೈದು ವರ್ಷದಲ್ಲಿ ನೀವು ಲೆಕ್ಕದಲ್ಲಿ ಒಂದು ಮೊಳೆ ಬಿಟ್ಟಿದ್ದನ್ನೂ ನಾನು ಕಂಡಿಲ್ಲ."

"ನಿನ್ನ ಗಣಿತದ ಮೇಷ್ಟ್ರಿಗೊಂದು ನಮಸ್ಕಾರ," ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಅಲ್ಲಿಂದ ಏಳಲಿಲ್ಲ. ಆಮೇಲೆ ಇವರು ಗೋಡೆಗೇ ಹೇಳುವಂತೆ ಹೇಳಿದರು.

"ನೀ ಇಪ್ಪತ್ತು ಎಣಿಸ್ತೀಯಲ್ಲ, ನನಗೆ ಐದಕ್ಕೇ ತೊಡೆ ಒಳಗೆ ಕಾದ ಸಲಾಕಿ ಎಳೆದಂಗಾಗ್ತೈತೆ. ಉಳಿದ ಹದಿನೈದು ನಿನ್ನ ಮುಖ ನೋಡ್ಕೊಂಡು ನಿಲ್ತಿದ್ದೆ."

"ಯಾಕೆ ಹೇಳಲಿಲ್ಲ?"

"ಎಣಿಸೋವಾಗ ನೀ ಖುಷಿಯಾಗಿರ್ತಿದ್ದೆ. ನನ್ನ ಕೈಲಿ ಇನ್ನ ಆಗಲ್ಲ ಶಾಂತಾ. ದುಡ್ಡಿಲ್ಲ ಅಂದ್ರೆ ನೀನು ಒಪ್ತೀಯ ಅಂದ್ಕಂಡೆ."

"ಈಗ ಬಿಟ್ಟರೆ ಮತ್ತೆ ನಿಲ್ಲೋದಕ್ಕಾಗಲ್ಲ. ಗೊತ್ತಲ್ಲ?"

"ಗೊತ್ತು. ಅದಕ್ಕೇ ನಿನ್ನ ರುಜು ಕೇಳಿದ್ದು."

ಎರಡು ದಿನ ಹಾಳೆ ಅಡುಗೆಮನೆಯ ಗೂಡಿನಲ್ಲಿತ್ತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ರುಚಿ ನೋಡಿದೆ. ಹಾಳೆ ಏನಾಯಿತೆಂದು ಇವರು ಒಂದು ಸಲವೂ ಕೇಳಲಿಲ್ಲ. ಮೂರನೆಯ ದಿನ ಗೆರೆಯ ಮೇಲೆ ನನ್ನ ಹೆಸರು ಬರೆದೆ.

ಕಾಗದದಲ್ಲಿ ತಿಳಿಸುವುದು ಸರಿಯಲ್ಲವೆಂದು ಹರಿಹರದ ಬಸ್ಸು ಹತ್ತಿದೆ. ರೌಫ್‌ನ ಅಂಗಡಿಯ ಮೇಜಿನ ಮೇಲೆ ತಾಮ್ರದ ಸುರುಳಿ ಹೊಳೆಯುತ್ತಿತ್ತು. ಒಪ್ಪಿಗೆಗೂ ಕಾಯದೆ ಬಗ್ಗಿಸಿ ಮುಗಿಸಿದ್ದ.

ಹಾಳೆ ಕೊಟ್ಟೆ. ಸಾಲಿನ ಮೇಲೆ ಬೆರಳಿಟ್ಟು ಓದಿದ. ಹೊಟ್ಟಿನ ಸಾಲಿನಲ್ಲಿ ಬೆರಳು ನಿಂತಿತು. ಮತ್ತೆ ಮೇಲಿನಿಂದ ಬಂದು ಅಲ್ಲೇ ನಿಂತಿತು. ಲೆಕ್ಕ ಕಲಿತದ್ದೂ ಇವರ ಹತ್ತಿರವೇ ತಾನೆ. ಕೆಳಗಿನ ನನ್ನ ರುಜುವನ್ನು ನೋಡಿದ, ನನ್ನನ್ನು ನೋಡಿದ.

"ಸಾಹೇಬ್ರ ಲೆಕ್ಕ ಸರಿ ಐತೆ ಬಿಡ್ರಿ ಅಕ್ಕಾರೆ," ಎಂದು ಹಾಳೆ ಮಡಿಸಿ ಹಿಂದಕ್ಕೆ ಕೊಟ್ಟ.

"ಈ ತಾಮ್ರ?"

"ಯಾರೋ ಹೋಟ್ಲಿನವ್ರು ಕೇಳ್ಯಾರೆ. ಅವ್ರಿಗೆ ಆಗ್ತೈತೆ."

ಅಷ್ಟು ದೊಡ್ಡ ಸುರುಳಿ ಯಾವ ಹೋಟೆಲಿಗೂ ಬೇಕಾಗುವಂಥದ್ದಲ್ಲ. ಅದರ ಮೇಲೊಂದು ಗೋಣಿಚೀಲ ಎಳೆದು, ನನಗೆ ಚಹಾ ತರಿಸಿದ. ಬಸ್ಸಿನವರೆಗೂ ಬಂದು, ಬಿಸಿಲು ಬೀಳದ ಕಡೆಯ ಸೀಟು ನೋಡಿ ಕೂರಿಸಿ, ಬಸ್ಸು ಹೊರಡುವವರೆಗೂ ನಿಂತಿದ್ದ.

ಮನೆಗೆ ಬಂದವಳೇ ತೊಟ್ಟಿಯ ತಳದ ಬಿರಡೆ ಕಿತ್ತೆ. ನೀರು ಹರಿಯುವ ಸದ್ದು ಒಳಗೆ ಕೇಳಿಸಿರಬೇಕು.

"ನುಗ್ಗೆ ಗಿಡದ ಕಡೆ ಬಿಡು," ಎಂದರು ಮಲಗಿದಲ್ಲಿಂದಲೇ.

ಗುದ್ದಲಿ ತಂದು ಕಾಲುವೆ ತೋಡಿದೆ. ಆರು ಸಾವಿರ ಲೀಟರು ನೀರು. ಪೂರ್ತಿ ಇಳಿಯುವ ಹೊತ್ತಿಗೆ ದೀಪ ಹಚ್ಚುವ ಸಮಯ ಮೀರಿತ್ತು.