ನಿದ್ದೆಯ ಉಸಿರು

ನನ್ನ ಗಂಡನದು ನಾಯಿಕಿವಿ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕಿದರೆ ಮಲಗುವ ಕೋಣೆಯಿಂದ ಎದ್ದು ಬಂದು ತಿರುಗಿಸುತ್ತಾರೆ. ನಾನು ಎದುರಿಗೆ ನಿಂತು ಕೂಗಿದರೆ ಮಾತ್ರ ಕೇಳಿಸುವುದಿಲ್ಲ. ಸಿನಿಮಾಗಳ ಶಬ್ದ ತೊಳೆಯುವುದು ಅವರ ಕೆಲಸ. ಮಾತಿನ ನಡುವೆ ನುಸುಳಿದ ಕುರ್ಚಿಯ ಕಿರಿಕಿರಿ, ಯಾರದೋ ಕೆಮ್ಮು, ದೂರದ ಹಾರ್ನ್, ಎಲ್ಲವನ್ನೂ ಹೆಕ್ಕಿ ತೆಗೆಯುತ್ತಾರೆ. ತೆಗೆದ ಜಾಗ ಬೋಳಾಗಬಾರದಲ್ಲ, ಅಲ್ಲಿಗೆ ಖಾಲಿ ಕೋಣೆಯ ಮೌನವನ್ನು ತೇಪೆ ಹಾಕುತ್ತಾರೆ. ಆ ಮೌನವನ್ನೂ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕಂತೆ. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆ.

ನಮ್ಮ ಮಗಳನ್ನು ವಟವಟಿ ಎಂದು ಕರೆಯುತ್ತಿದ್ದೆವು. ಬಾಯಿಗೆ ಬೀಗವೇ ಇರಲಿಲ್ಲ. ಕಳೆದ ವರ್ಷ ಜ್ವರವೊಂದು ಬಂದು, ಆರು ವರ್ಷದ ಅವಳನ್ನು ಕರೆದುಕೊಂಡು ಹೋಯಿತು. ಅವಳ ಮಾತು ಫೋನಿನಲ್ಲಿ ಬೇಕಾದಷ್ಟಿದೆ. ಹಾಕಿಕೊಂಡರೆ ಪಕ್ಕದ ಕೋಣೆಯಲ್ಲೇ ಇದ್ದಾಳೆ ಅನ್ನಿಸಿ, ಮರುಕ್ಷಣ ಎದೆ ಧಸಕ್ಕೆನ್ನುತ್ತದೆ. ನನಗೆ ಬೇಕಾಗಿದ್ದು ಅದಲ್ಲ. ಅವಳು ಮಲಗಿದ ಮೇಲೆ ಕೆನ್ನೆಯ ಹತ್ತಿರ ಕಿವಿಯಿಟ್ಟು ಕೇಳುತ್ತಿದ್ದ ಉಸಿರು ಬೇಕಿತ್ತು. ಒಳಗೆ ಎಳೆದುಕೊಂಡು, ಒಂದಿಷ್ಟು ನಿಂತು, ಮೂಗಿನ ತುದಿಯಲ್ಲಿ ಸಣ್ಣಗೆ ಸೀಟಿ ಊದುತ್ತ ಬಿಡುತ್ತಿದ್ದಳು. ಮಲಗಿದ ಮಗುವನ್ನು ಯಾರು ರೆಕಾರ್ಡ್ ಮಾಡುತ್ತಾರೆ?

ಮಾಡಿದವರೊಬ್ಬರಿದ್ದರು. ಎಂದೋ ಒಂದು ಮಧ್ಯಾಹ್ನ, ಯಾವುದೋ ಸಿನಿಮಾಕ್ಕೆ ಮನೆಯ ಮೌನ ಬೇಕೆಂದು ಇವರು ಮಗಳ ಕೋಣೆಯಲ್ಲಿ ಮೈಕ್ ಇಟ್ಟಿದ್ದರು. ಅವಳು ಎಚ್ಚರವಿದ್ದರೆ ಮೌನ ಎಲ್ಲಿಂದ ಬರಬೇಕು? ನಿದ್ದೆ ಹೋಗುವವರೆಗೆ ಕಾದು, ನನ್ನನ್ನೂ ಹೊರಗೆ ಅಟ್ಟಿದ್ದರು. ಇದು ನೆನಪಾದದ್ದು ಇವರ ಸ್ಟುಡಿಯೋಗೆ ಹೊಸ ಸಿನಿಮಾ ಬಂದಾಗ. ಮಗುವನ್ನು ಕಳೆದುಕೊಂಡ ಅಪ್ಪ ಅಮ್ಮನ ಕಥೆ. ತಾಯಿ ಖಾಲಿ ಹಾಸಿಗೆಯ ಮುಂದೆ ನಿಂತಾಗ ಮಗುವಿನ ಉಸಿರು ಕೇಳಿಸಬೇಕೆಂದು ನಿರ್ದೇಶಕರು ಹೇಳಿದ್ದರಂತೆ.

"ನಮ್ಮವಳದೇ ಇದೆಯಲ್ಲ ರೀ," ಎಂದೆ. "ಸಿನಿಮಾಕ್ಕೆ ಹಾಕ್ಕೊಳ್ಳಿ. ನನಗೂ ಒಂದ್ಸಲ ಕೇಳಿಸಿ."

ಅವರ ಮುಖ ಬಿಳುಚಿಕೊಂಡಿತು. ಹುಡುಕುತ್ತೇನೆ ಎಂದರು. ನಾಳೆ ಎಂದರು. ಹಳೆಯ ಡಿಸ್ಕ್ ತೆರೆದುಕೊಳ್ಳುತ್ತಿಲ್ಲ ಎಂದರು. ಸಬೂಬು ಹೇಳುವುದರಲ್ಲಿ ಅವರು ಯಾವತ್ತೂ ದಡ್ಡರು. ನನಗೆ ಪಿತ್ತ ನೆತ್ತಿಗೇರಿತು. ಮಗಳ ಉಸಿರನ್ನೂ ಒಬ್ಬರೇ ಇಟ್ಟುಕೊಂಡು ಕೇಳುತ್ತಿದ್ದೀರಾ ಎಂದು ಕೂಗಾಡಿದೆ. ಅವರು ಚಪ್ಪಲಿ ಮೆಟ್ಟಿ ಸ್ಟುಡಿಯೋಗೆ ಹೊರಟುಬಿಟ್ಟರು. ವಾರವಿಡೀ ಊಟ ಬಡಿಸಿದೆ, ಮಾತಾಡಲಿಲ್ಲ.

ಕೊನೆಗೊಂದು ಬೆಳಿಗ್ಗೆ, ಸಿಕ್ಕಿತು ಬಾ ಎಂದು ಸ್ಟುಡಿಯೋಗೆ ಕರೆದುಕೊಂಡು ಹೋದರು. ಗೋಡೆಗೆಲ್ಲ ದಪ್ಪ ಬಟ್ಟೆ ಹೊದಿಸಿದ, ಕಿಟಕಿಯಿಲ್ಲದ ಕೋಣೆ. ಹೆಡ್‌ಫೋನನ್ನು ಅವರೇ ನನ್ನ ಕಿವಿಗೆ ಹಾಕಿದರು.

ಉಸಿರು ಬಂತು. ಒಳಗೆ ಎಳೆದುಕೊಂಡು, ಒಂದಿಷ್ಟು ನಿಂತು, ಸಣ್ಣ ಸೀಟಿ. ನನ್ನ ಕಣ್ಣು ತುಂಬಿತು. ಬಂದೆಯಾ ಕಂದಾ ಅಂದುಕೊಂಡೆ. ಅಷ್ಟರಲ್ಲಿ ಸೀಟಿಯ ಹಿಂದೆಯೇ ಗಂಟಲಲ್ಲಿ ಒಂದು ಸಣ್ಣ ತಡೆ ಕೇಳಿಸಿತು, ಬಾಗಿಲು ಅಗುಳಿಗೆ ಸಿಕ್ಕಿಕೊಂಡ ಹಾಗೆ. ಆ ತಡೆಯನ್ನು ನಾನು ಬಲ್ಲೆ. ಮದುವೆಯಾದಾಗಿನಿಂದ ಅದಕ್ಕಾಗಿಯೇ ಪಕ್ಕದಲ್ಲಿ ಮಲಗಿದ ಇವರನ್ನು ರಾತ್ರಿಯೆಲ್ಲ ಮೊಣಕೈಯಿಂದ ತಿವಿದು ಮಗ್ಗುಲು ಬದಲಿಸುವಂತೆ ಮಾಡಿದವಳು ನಾನು. ಊರಿನ ಉಸಿರನ್ನೆಲ್ಲ ಹೆಕ್ಕಿ ತೆಗೆಯುವ ಅವರಿಗೆ ತಮ್ಮ ಗಂಟಲೊಂದು ಕೇಳಿಸಿರಲಿಲ್ಲ.

ಎಲ್ಲ ಅರ್ಥವಾಯಿತು. ಮೌನವನ್ನು ಮೌನವಾಗಿಸಲು ಅಂದು ಆ ರೆಕಾರ್ಡಿಂಗಿನಿಂದ ಅವಳ ಉಸಿರನ್ನೇ ತೊಳೆದು ತೆಗೆದುಬಿಟ್ಟಿದ್ದರು. ಮಗಳು ಪಕ್ಕದಲ್ಲೇ ಇದ್ದಾಳೆ, ಅವಳ ಉಸಿರಿಗೇನು ಬರ ಅಂದುಕೊಂಡಿರಬೇಕು. ಈಗ ವಾರವಿಡೀ ಇಲ್ಲಿ ಬಾಗಿಲು ಹಾಕಿಕೊಂಡು, ಮೈಕಿನ ಮುಂದೆ ಮಗಳ ಹಾಗೆ ಉಸಿರಾಡಿದ್ದರು. ಸೀಟಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಸಣ್ಣದಾಗುತ್ತದೆ, ಎಲ್ಲ ನನ್ನಷ್ಟೇ ಅವರಿಗೂ ಗೊತ್ತಿತ್ತು. ಅವರೂ ಅವಳ ಕೆನ್ನೆಯ ಹತ್ತಿರ ಕಿವಿಯಿಡುತ್ತಿದ್ದರು ಎಂಬುದು ನನಗೇ ಗೊತ್ತಿರಲಿಲ್ಲ.

ಹೆಡ್‌ಫೋನ್ ಕಿತ್ತೆಸೆಯುವಷ್ಟು ಸಿಟ್ಟು ಬಂತು. ಅವರತ್ತ ತಿರುಗಿದೆ. ಕೈಗಳೆರಡನ್ನೂ ತೊಡೆಯ ನಡುವೆ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ಕುಳಿತಿದ್ದರು. ಅಯ್ಯೋ ಅನ್ನಿಸಿತು.

"ಅವಳೇ ಅಲ್ವಾ?" ಎಂದರು.

"ಅವಳೇ," ಎಂದೆ. "ಇನ್ನೊಂದ್ಸಲ ಹಾಕಿ."